ಹೆಳವನ ಸಂಚಾರ

ಕನ್ನಡದಲ್ಲಿ ಹೆಳವನೆಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಕಾಲಿಲ್ಲದವನು, ನಡೆಯಲಾರದವನು ಎಂಬದು ಒಂದು. ಊರೂರು ಸುತ್ತಿ ಮನೆತನಗಳ ವಂಶಾವಳಿಯನ್ನು ಹೇಳುವ ಜಾತಿಯವನು ಎಂಬದು ಇನ್ನೊಂದು. ಮೊದಲನೆಯ ಅರ್ಥದ ಹೆಳವನು ಕುಳಿತಲ್ಲಿಯೇ ಇರತಕ್ಕವನೆಂದು ಲೋಕದ ಎಣಿಕೆ. ಎರಡನೆಯ ಅರ್ಥದ ಹೆಳವನಾದರೋ ಒಂದು ಊರಿನಲ್ಲಿ ನೆಲೆ ನಿಲ್ಲದವನು. ಒಂದೇ ಶಬ್ದವು ಪರಸ್ಪರ ವಿರುದ್ಧವೆಂದು ತೋರುವ ಈ ಎರಡು ಅರ್ಥಗಳನ್ನು ಹೇಗೆ ಹೊತ್ತುಕೊಂಡಿತೆಂಬದನ್ನು ವಿಚಾರಿಸಹೋದರೆ, ನಡೆಯಲಾರದವರು ನಮ್ಮ ನಾಡಿನಲ್ಲಿ ಹಿಂದೆ ಹೇಗೆ ಸಂಚರಿಸುತ್ತಿದ್ದರು, ಈಗ ಹೇಗೆ ಸಂಚರಿಸುತ್ತಾರೆ ಎಂಬ ಪ್ರಶ್ನೆಗೆ ಬಂದು ಮುಟ್ಟುತ್ತೇವೆ. ಈಗಿನ ಕಾಲದಲ್ಲಿ ಹೆಳವ, ಕುಂಟ ಎಂಬ ಮಾತುಗಳನ್ನು ಬೈಗುಳವಾಗಿ ಬಳಸುವವರಿರುವದರಿಂದ ಸಭ್ಯರು ಅವುಗಳನ್ನು ಬಿಟ್ಟು ವಿಕಲಚೇತನರೆನ್ನುವರು. ಅದು ಯೋಗ್ಯವೇ ಸರಿ. ಇಲ್ಲಿ ಹಳೆಯ ಶಬ್ದವನ್ನು ಚರಿತ್ರೆಯ ಸಲುವಾಗಿ ಉಪಯೋಗಿಸಿದ್ದೇನೆಯೇ ಹೊರತು ತಿರಸ್ಕಾರದಿಂದಲ್ಲವೆಂದು ವಾಚಕರು ತಿಳಿಯಬೇಕು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಹಳ್ಳಿಗಳಲ್ಲಿ ಬೆಳೆದ ಹಿರಿಯರಿಗೆ ಹೆಳವರ ಪರಿಚಯವನ್ನು ಮಾಡಿಕೊಡಬೇಕಾದದ್ದಿಲ್ಲ. ಜೋಳದ ರಾಶಿ ಮುಗಿದು ಕಾಳು ಕಣದಿಂದ ಮನೆಗೆ ಸೇರಿದ ಮೇಲೆ ಅವರು ಬರುವರು. ಎತ್ತಿನ ಕೊರಳ ಗಂಟೆಯ ಸಪ್ಪಳವನ್ನು ಕೇಳಿ ಹುಡುಗರು ಓಡುವರು. ಮನೆಯ ಮುಂದೆ ನಿಂತು ಹೆಳವನು ಆ ಮನೆತನದ ಮೂಲಪುರುಷನಾರು, ಅವನು ಯಾವ ಊರನ್ನು ಬಿಟ್ಟು ಬಂದನು, ಅವನಿಗೆ ಮಕ್ಕಳೆಷ್ಟು, ಅವರಲ್ಲಿ ಯಾರು ಎಲ್ಲಿ ಒಕ್ಕಲಾದರು, ಯಾವ ಅಜ್ಜನು ಯಾವ ಜಗಳದಲ್ಲಿ ಮಡಿದನು ಎಂಬದನ್ನೆಲ್ಲ ತಡೆಯಿಲ್ಲದೆ ಹೇಳುವನು. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರುಗಳನ್ನು ತನ್ನ ಹೊತ್ತಗೆಯಲ್ಲಿ ಬರೆದುಕೊಳ್ಳುವನು. ಕಾಳು, ಹಣ, ಬಟ್ಟೆ, ಉಳ್ಳವರ ಮನೆಯಾದರೆ ಒಂದು ಕರುವನ್ನೂ ಪಡೆದು ಮುಂದಿನ ಊರಿಗೆ ಸಾಗುವನು. ತಮ್ಮ ಮುತ್ತಜ್ಜನ ಹೆಸರನ್ನು ತಾವೇ ಹೇಳಲರಿಯದ ಮನೆಗಳಿಗೆ ಆ ಹೆಸರನ್ನು ಪರಸ್ಥಳದ ಒಬ್ಬನು ಎತ್ತಿನ ಮೇಲೆ ತಂದು ಮುಟ್ಟಿಸುವದು ಸಾಮಾನ್ಯ ಸಂಗತಿಯಲ್ಲ. ಈಚಿನ ವರ್ಷಗಳಲ್ಲಿ ಅವರ ಹೊತ್ತಗೆಗಳ ಛಾಯಾಪ್ರತಿಗಳನ್ನು ತೆಗೆದಿಡುವ ಕೆಲಸವೂ ನಡೆದಿರುವದು ಸಂತೋಷದ ವಿಷಯವು.

೧೯೦೯ರಲ್ಲಿ ಎಡ್ಗರ್ ಥರ್ಸ್ಟನ್ನನು ದಕ್ಷಿಣ ಹಿಂದುಸ್ಥಾನದ ಜಾತಿಗಳನ್ನು ಕುರಿತು ಪ್ರಕಟಿಸಿದ ಏಳು ಸಂಪುಟಗಳ ಗ್ರಂಥದಲ್ಲಿ ಹೆಳವರ ವಿಷಯವು ಬಂದಿದೆ. ಅವರ ಹೆಸರಿಗೆ ಕುಂಟನೆಂದು ಅರ್ಥವೆಂಬದನ್ನೂ, ಅವರು ಎತ್ತನ್ನೇರಿ, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಊರು ಹೊಗುವದನ್ನೂ, ಮನೆಮನೆಗೆ ಹೋಗಿ ಮನೆತನದ ಚರಿತ್ರೆಯನ್ನೂ ಯುದ್ಧದಲ್ಲಿ ಮಡಿದ ವೀರರ ಹೆಸರುಗಳನ್ನೂ ಹೇಳುವದನ್ನೂ ಅವನು ದಾಖಲಿಸಿದ್ದಾನೆ. ಕಾಲು ನೆಟ್ಟಗಿರುವವನು ಕಾಲನ್ನು ಮುಚ್ಚಿಕೊಂಡು ಬರುವದೇಕೆ? ಭಿಕ್ಷೆಗಾಗಿ ಹೂಡಿದ ವೇಷವೆಂದು ಹಗುರಾಗಿ ಆಡುವವರುಂಟು. ನನಗೆ ಹಾಗೆ ತೋರುವದಿಲ್ಲ. ತಮ್ಮ ಮೂಲಪುರುಷನು ನಡೆಯಲಾರದವನಾಗಿದ್ದನೆಂಬದು ಹೆಳವರ ಐತಿಹ್ಯವು. ಅರ್ಚಕನು ಮಡಿಯುಡುವಂತೆ, ನ್ಯಾಯಾಧೀಶನು ಕರಿಯ ನಿಲುವಂಗಿ ತೊಡುವಂತೆ, ಇವರು ತಮ್ಮ ಮೂಲಪುರುಷನ ದೇಹಸ್ಥಿತಿಯನ್ನು ವೃತ್ತಿಯ ಲಾಂಛನವಾಗಿ ಧರಿಸಿದರು. ಹೇಳುವವನು ನಡೆಯಬಲ್ಲವನಾದರೂ ಹೇಳುವ ಹೊತ್ತಿನಲ್ಲಿ ಅವನು ನಡೆಯಲಾರದ ಆ ಅಜ್ಜನೇ ಆಗಿರುವನು. ಈಗ ಎತ್ತಿನ ಬದಲು ಮೋಟಾರು ಸೈಕಲ್ಲು, ಟೆಂಪೋಗಳು ಬಂದಿರುವದರಿಂದ ಕಂಬಳಿಯ ಪದ್ಧತಿಯು ಕಡಿಮೆಯಾಗುತ್ತ ನಡೆದಿದೆ.

ಐತಿಹ್ಯವನ್ನು ಇತಿಹಾಸವೆಂದು ಸಾಧಿಸುವದು ನನ್ನ ಉದ್ದೇಶವಲ್ಲ. ಆದರೆ ಐತಿಹ್ಯವು ಯಾವದನ್ನು ಸಂಭವವೆಂದು ಭಾವಿಸಿತೆಂಬದು ಇತಿಹಾಸಕ್ಕೆ ಉಪಯುಕ್ತವಾಗಿದೆ. ಕಾಲಿಲ್ಲದವನೊಬ್ಬನು ಒಂದು ಎತ್ತಿನ ಬಲದಿಂದ ನೂರಾರು ಹಳ್ಳಿಗಳನ್ನು ಸುತ್ತಿ ಸಾವಿರಾರು ಮನೆಗಳ ಚರಿತ್ರೆಗೆ ಒಡೆಯನಾಗಬಲ್ಲನೆಂಬದರಲ್ಲಿ ನಮ್ಮ ಹಳ್ಳಿಗರಿಗೆ ಅಸಂಭವವಾದದ್ದೇನೂ ಕಾಣಲಿಲ್ಲ. ಇನ್ನೊಂದು ಮಾತು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ದನಗಳನ್ನು ಕಟ್ಟುವ ಅಂಕಣವು ಕೆಳಗೆ, ಪಡಸಾಲೆಯು ಕಟ್ಟೆಯ ಮೇಲೆ. ಎತ್ತಿನ ಮೇಲಿದ್ದ ಹೆಳವನು ಹೊಸ್ತಿಲು ದಾಟಬೇಕಾಗಿರಲಿಲ್ಲ, ಕಟ್ಟೆ ಏರಬೇಕಾಗಿರಲಿಲ್ಲ. ಮನೆಯವರೇ ಹೊರಗೆ ಬಂದು ಅವನ ಮುಂದೆ ನಿಲ್ಲುತ್ತಿದ್ದರು.

ಜನಪದದ ಮಾತು ಹೀಗಾದರೆ ಶಾಸ್ತ್ರಗ್ರಂಥಗಳ ಮಾತೇನು? ಪಾಠಶಾಲೆಯಲ್ಲಿ ಕೌಮುದಿಯನ್ನೋದಿದವರಿಗೆ ಪಾಣಿನಿಯ ನಾಲ್ಕನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಪರ್ಪಾದಿ ಎಂಬ ಗಣವು ಬರುವದು ನೆನಪಿರಬಹುದು. ಇಂಥದರಿಂದ ಸಂಚರಿಸುವವನು ಎಂಬ ಅರ್ಥದಲ್ಲಿ ಪ್ರತ್ಯಯವನ್ನು ವಿಧಿಸುವ ಸೂತ್ರವದು. ಅಶ್ವದಿಂದ ಸಂಚರಿಸುವವನು ಅಶ್ವಿಕನು, ರಥದಿಂದ ಸಂಚರಿಸುವವನು ರಥಿಕನು. ಅದರಂತೆ ಪರ್ಪದಿಂದ ಸಂಚರಿಸುವವನು ಪರ್ಪಿಕನು. ಪರ್ಪವೆಂದರೇನು? ಕುಂಟರು ಯಾವ ಪೀಠದಿಂದ ಸಂಚರಿಸುವರೋ ಅದೇ ಪರ್ಪವೆಂದು ಭಟ್ಟೋಜಿ ದೀಕ್ಷಿತನ ಸಿದ್ಧಾಂತಕೌಮುದಿಯು ವಿವರಿಸುತ್ತದೆ. ಗುರುಗಳು ಪಾಠ ಹೇಳುವಾಗ ಪ್ರತ್ಯಯದ ಷಕಾರ ನಕಾರಗಳ ಪ್ರಯೋಜನವನ್ನು ಎರಡು ದಿವಸ ಬೋಧಿಸಿ, ಪರ್ಪವನ್ನು ಅರ್ಧ ಕ್ಷಣದಲ್ಲಿ ದಾಟಿಬಿಡುವ ವಾಡಿಕೆಯುಂಟು. ನಾನೂ ಹಾಗೆಯೇ ದಾಟಿದವರಲ್ಲೊಬ್ಬನು. ಆದರೆ ಯೋಚಿಸಿ ನೋಡಿದರೆ ಆ ಗಣದ ಮೊದಲನೆಯ ಶಬ್ದವು ಕುದುರೆಯೂ ಅಲ್ಲ, ರಥವೂ ಅಲ್ಲ, ಕುಂಟನ ಪೀಠವು. ಕುದುರೆಯ ಸವಾರನಿಗೂ ರಥಿಕನಿಗೂ ಪರ್ಪಿಕನಿಗೂ ವ್ಯಾಕರಣವು ಒಂದೇ ಪ್ರತ್ಯಯವನ್ನು ಕೊಟ್ಟಿತು, ಮೂವರೂ ಸಂಚಾರಿಗಳೇ. ಶುಕ್ಲ ಯಜುರ್ವೇದ ಸಂಹಿತೆಯ ಮೂವತ್ತನೆಯ ಅಧ್ಯಾಯದಲ್ಲಿ ನಾನಾ ತರದ ಜನರನ್ನು ನಾನಾ ದೇವತೆಗಳಿಗೆ ಹೇಳುವಲ್ಲಿ ಪೀಠಸರ್ಪಿ, ಎಂದರೆ ಪೀಠದ ಮೇಲೆ ಸರಿಯುತ್ತ ಹೋಗುವವನು, ಪೃಥಿವಿಯ ಪಾಲಿಗೆ ಬಂದಿದ್ದಾನೆ. ಆದುದರಿಂದ ಇಂಥ ಪೀಠವು ಪಾಣಿನಿಗಿಂತಲೂ ಹಿಂದಿನದೆಂಬದರಲ್ಲಿ ಸಂದೇಹವಿಲ್ಲ. ಆ ಪೀಠಕ್ಕೆ ಗಾಲಿಗಳಿದ್ದವೆಂದು ಪಾಶ್ಚಾತ್ಯ ಕೋಶಕಾರರು ಅರ್ಥ ಬರೆದಿದ್ದಾರೆ. ಕೌಮುದಿಯ ವಾಕ್ಯದಲ್ಲಿ ಗಾಲಿಯ ಮಾತಿಲ್ಲ. ಇಲ್ಲದ ಗಾಲಿಯನ್ನು ನಾವು ಅಭಿಮಾನಕ್ಕಾಗಿ ಜೋಡಿಸಬೇಕಾದದ್ದಿಲ್ಲ.

ಸಾಂಖ್ಯರ ಪಂಗ್ವಂಧ ನ್ಯಾಯವು ಎಲ್ಲರಿಗೂ ಗೊತ್ತಿದ್ದದ್ದೇ. ಈಶ್ವರಕೃಷ್ಣನ ಇಪ್ಪತ್ತೊಂದನೆಯ ಕಾರಿಕೆಯಲ್ಲಿ ಅದು ಪ್ರಕೃತಿಪುರುಷರ ಸಂಯೋಗಕ್ಕೆ ದೃಷ್ಟಾಂತವಾಗಿ ಬಂದಿದೆ. ಗೌಡಪಾದನ ಭಾಷ್ಯವು ಅದನ್ನು ಕಥೆಯಾಗಿ ಹೇಳುತ್ತದೆ: ವರ್ತಕರ ತಂಡದೊಡನೆ ಹೊರಟಿದ್ದ ಕುರುಡನೂ ಕುಂಟನೂ ಕಳ್ಳರ ಹಾವಳಿಯಲ್ಲಿ ತಮ್ಮವರಿಂದ ಅಗಲಿ ಅಡವಿಯಲ್ಲಿ ಉಳಿದರು; ಕುರುಡನ ಹೆಗಲ ಮೇಲೆ ಕುಂಟನು ಕುಳಿತು ದಾರಿ ತೋರಿಸಿದನು; ಇಬ್ಬರೂ ಊರು ಸೇರಿದರು. ದಾರ್ಶನಿಕರು ಇದರಲ್ಲಿ ಮೋಕ್ಷವನ್ನು ಕಾಣುವರು. ಚರಿತ್ರೆಯನ್ನೋದುವವನಿಗೆ ಮುಖ್ಯವಾದದ್ದು ಮೊದಲನೆಯ ವಾಕ್ಯವೇ. ವ್ಯಾಪಾರಕ್ಕೆ ಹೊರಟ ತಂಡದಲ್ಲಿ ಕುರುಡನೂ ಕುಂಟನೂ ಇದ್ದರೆಂಬದು ಅಂದಿನ ಶ್ರೋತೃಗಳಿಗೆ ವಿಚಿತ್ರವೆನಿಸಿದ್ದರೆ ದೃಷ್ಟಾಂತವೇ ನಿಲ್ಲುತ್ತಿರಲಿಲ್ಲ.

ದಾರಿಯ ವಿಷಯದಲ್ಲಿಯೂ ಶಾಸ್ತ್ರಕಾರರು ಸುಮ್ಮನಿಲ್ಲ. ಭಾರತದ ವನಪರ್ವದಲ್ಲಿ ಎಂಟು ಕಡೆ ಡೊಂಕಾದ ದೇಹದ ಅಷ್ಟಾವಕ್ರನು ಜನಕನ ಯಜ್ಞಕ್ಕೆ ಹೋಗುವಾಗ ದಾರಿಯಲ್ಲಿ ರಾಜನೇ ಎದುರಾಗಲು, ದಾರಿಯು ಮೊದಲು ಕುರುಡನದು, ಕಿವುಡನದು, ಸ್ತ್ರೀಯದು, ಹೊರೆ ಹೊತ್ತವನದು, ಆ ಮೇಲೆ ರಾಜನದು ಎಂದು ವಾದಿಸುತ್ತಾನೆ. ಬ್ರಾಹ್ಮಣನು ಎದುರಾದರೆ ಮಾತ್ರ ದಾರಿಯು ಅವನದೇ ಎಂದು ಕೊನೆಗೆ ತನ್ನ ಪಕ್ಷವನ್ನೂ ಸೇರಿಸಿಕೊಳ್ಳುವನು. ರಾಜನು ದಾರಿ ಬಿಡುತ್ತಾನೆ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ದಾರಿ ಬಿಡಬೇಕಾದವರ ಪಟ್ಟಿಯಿದೆ: ಚಕ್ರವುಳ್ಳ ವಾಹನದಲ್ಲಿರುವವನು, ತೊಂಬತ್ತು ದಾಟಿದವನು, ರೋಗಿ, ಹೊರೆಯಾಳು, ಸ್ತ್ರೀ, ಸ್ನಾತಕ, ರಾಜ, ಮದುವಣಿಗ. ಸ್ನಾತಕನಿಗೂ ರಾಜನಿಗೂ ದೊರೆತ ಈ ಮರ್ಯಾದೆಯನ್ನು ನಾವು ಇಂದು ಒಪ್ಪಬೇಕಾದದ್ದಿಲ್ಲ. ಆ ಗ್ರಂಥದಲ್ಲಿ ಒಪ್ಪಲಾರದ ಸಂಗತಿಗಳು ಬೇರೆ ಅನೇಕ ಇವೆ. ಆದರೂ ಗಾಲಿಯ ಮೇಲಿರುವವನೂ ರೋಗಿಯೂ ರಾಜನಿಗಿಂತ ಮೊದಲು ಬಂದಿರುವದನ್ನು ಗಮನಿಸಬೇಕು.

ಇನ್ನು ಪುಸ್ತಕದಿಂದ ನಮ್ಮ ನೆಲಕ್ಕೆ ಬರೋಣ. ಕಾಲು ಸೋತವನು ಸಂಚರಿಸುವದು ಹಣ, ಆಳುಗಳಿದ್ದಲ್ಲಿ ಎಂದೂ ಕಷ್ಟವಾಗಿರಲಿಲ್ಲವೆಂಬದಕ್ಕೆ ನಮ್ಮ ಮಗ್ಗುಲಲ್ಲಿಯೇ ನಡೆದ ಒಂದು ಪ್ರಸಂಗವಿದೆ. ೧೬೮೬ರಲ್ಲಿ ವಿಜಯಪುರವನ್ನು ಗೆದ್ದ ಔರಂಗಜೇಬನು ಮುಂದೆ ಉತ್ತರಕ್ಕೆ ಮರಳಲಿಲ್ಲ. ಕೃಷ್ಣೆಯ ದಂಡೆಯ ಗಲಗಲಿಯಲ್ಲಿ ಅವನ ದಂಡು ಇಳಿದಿತ್ತು. ೧೬೯೫ರಿಂದ ನಾಲ್ಕು ವರ್ಷ ಭೀಮೆಯ ದಂಡೆಯ ಬ್ರಹ್ಮಪುರಿಯಲ್ಲಿತ್ತು. ಇದು ಮಂಗಳವೇಢೆಯ ಸೀಮೆಯಲ್ಲಿದೆ. ೧೭೦೦ರ ಮಳೆಗಾಲದಲ್ಲಿ ಮಾಣ ನದಿಯ ದಂಡೆಯ ಖವಾಸಪುರದಲ್ಲಿ ದಂಡು ತಂಗಿದ್ದಾಗ ನಡುರಾತ್ರಿಯಲ್ಲಿ ಹೊಳೆ ಏರಿತು. ಗದ್ದಲವನ್ನು ಕೇಳಿ ಮರಾಠರೇ ಬಿದ್ದರೆಂದು ಗಾಬರಿಯಾಗಿ ಎದ್ದ ಬಾದಶಹನು ಎಡವಿ ಬಿದ್ದು ಬಲ ಮೊಳಕಾಲಿನ ಕೀಲು ತಪ್ಪಿತು. ವೈದ್ಯರು ಸರಿಮಾಡಲಾರದೆ ಅವನು ಜೀವಮಾನವೆಲ್ಲ ಕುಂಟಿದನು. ಇದು ಮೂಲಪುರುಷನಾದ ತೈಮೂರನಿಂದ ಬಂದ ಆಸ್ತಿಯೆಂದು ಆಸ್ಥಾನಿಕರು ಸಮಾಧಾನ ಹೇಳಿದರಂತೆ. ೧೩೯೮ರಲ್ಲಿ ದಿಲ್ಲಿಯನ್ನು ಸೂರೆಗೊಂಡ ಆ ತೈಮೂರನಿಗೆ ಕುಂಟನೆಂಬ ಅರ್ಥದ ಲಂಗನೆಂಬದೇ ಬಿರುದಾಗಿತ್ತು. ೧೯೪೧ರಲ್ಲಿ ಸಮರಕಂದದಲ್ಲಿ ಅವನ ಗೋರಿಯನ್ನು ತೆರೆದು ನೋಡಿದಾಗ ಬಲಗಾಲಿನ ಎಲುಬು ಊನವಾಗಿದ್ದದ್ದು ನಿಜವೆಂದು ಕಂಡುಬಂದಿತು.

ಮೊಳಕಾಲು ಕೆಟ್ಟ ಮೇಲೆ ಔರಂಗಜೇಬನ ಸಂಚಾರವು ನಿಂತಿತೇ? ಇಲ್ಲ. ೧೭೦೫ರಲ್ಲಿ ಎಂಬತ್ತಾರರ ಮುದುಕನು ಮುದ್ದೇಬಿಹಾಳಕ್ಕೆ ಮೂಡಲಲ್ಲಿರುವ ಸುರಪುರ ಸೀಮೆಯ ವಾಗಣಗೇರಿ ಕೋಟೆಯ ಮೇಲೆ ತಾನೇ ದಂಡೆತ್ತಿ ಬಂದನು. ಬೇಡನಾಯಕನು ಮೂರು ತಿಂಗಳು ಕಾದಾಡಿ ರಾತ್ರಿಯಲ್ಲಿ ಕೋಟೆ ಬಿಟ್ಟು ಪಾರಾದನು. ಅನಂತರ ದೇವಾಪುರದಲ್ಲಿ ಬಾದಶಹನು ಕಾಯಿಲೆಯಿಂದ ಮಲಗಿದನು. ಆ ಸ್ಥಿತಿಯಲ್ಲಿಯೇ ಅವನನ್ನು ಪಾಲಕಿಯಲ್ಲಿ ಅಹಮದನಗರದವರೆಗೆ ಹೊತ್ತೊಯ್ದರು. ಅವನು ಕುಳಿತು ಸಾಗುತ್ತಿದ್ದ ವಾಹನಕ್ಕೆ ತಖ್ತ್-ಎ-ರವಾನ್ ಎಂದು ಹೆಸರು, ಚಲಿಸುವ ಸಿಂಹಾಸನವೆಂದರ್ಥ. ಪರ್ಪವೂ ಅದೇ, ಪೀಠವೂ ಅದೇ. ಹೊರುವ ಹೆಗಲುಗಳ ಸಂಖ್ಯೆಯಲ್ಲಿ ಮಾತ್ರ ಭೇದವು. ಕುಂಟ ಬಾದಶಹನಿಗೆ ಒಂದು ಸಾಮ್ರಾಜ್ಯವೇ ಬೇಕಾಯಿತು. ಹೆಳವನಿಗೆ ಒಂದು ಎತ್ತು ಸಾಕಾಯಿತು. ಇವೆರಡೂ ಇಲ್ಲದವನ ಗತಿಯೇನೆಂಬದಕ್ಕೆ ನಮ್ಮ ಬಖರುಗಳಲ್ಲಿಯೂ ಶಾಸನಗಳಲ್ಲಿಯೂ ಉತ್ತರವನ್ನು ಹುಡುಕುವದು ವ್ಯರ್ಥ.

ಆ ಮೂರನೆಯವನಿಗೆ ಉತ್ತರವು ದೂರದಿಂದ ಬರಬೇಕಾಯಿತು. ವಿಜಯಪುರದಲ್ಲಿ ಗೋಲಗುಮ್ಮಟದೊಡೆಯನಾದ ಮಹಮ್ಮದ ಆದಿಲಶಹನು ತನ್ನ ಕೊನೆಯ ದಿನಗಳನ್ನು ಕಳೆಯುತ್ತಿದ್ದ ೧೬೫೫ರಲ್ಲಿ, ಜರ್ಮನಿಯ ನ್ಯೂರೆಂಬರ್ಗಿನ ಹತ್ತಿರದ ಆಲ್ಟ್‌ಡಾರ್ಫ್ ಎಂಬ ಊರಿನಲ್ಲಿ ಸ್ಟೀಫನ್ ಫಾರ್ಫ್ಲರನೆಂಬ ಇಪ್ಪತ್ತೆರಡು ವರ್ಷದ ಗಡಿಯಾರದ ಕಸಬುಗಾರನು ತನಗಾಗಿಯೇ ಮೂರು ಗಾಲಿಯ ಒಂದು ಕುರ್ಚಿಯನ್ನು ಮಾಡಿಕೊಂಡನು. ಅವನಿಗೆ ಕಾಲುಗಳಲ್ಲಿ ಬಲವಿರಲಿಲ್ಲ. ಕೈಯಿಂದ ಹಿಡಿಕೆಯನ್ನು ತಿರುವಿದರೆ ಗಡಿಯಾರದಂಥ ಹಲ್ಲುಗಾಲಿಗಳ ಮೂಲಕ ಮುಂದಿನ ಗಾಲಿಯು ತಿರುಗುತ್ತಿತ್ತು. ಇಂದು ನಮ್ಮ ತಾಲೂಕುಗಳ ಸಂತೆಗಳಲ್ಲಿ ಕಾಣುವ, ಕೈಯಿಂದ ತಿರುವುವ ಮೂರು ಗಾಲಿಯ ಸೈಕಲ್ಲಿಗೆ ಇವನನ್ನೇ ಮೂಲಪುರುಷನೆನ್ನಬೇಕು. ಎತ್ತಿಲ್ಲದೆ, ಹೊರುವವರಿಲ್ಲದೆ, ಯಾರನ್ನೂ ಕೇಳದೆ ಹೋಗಬಲ್ಲ ಮೊದಲನೆಯ ಪರ್ಪಿಕನು ಇವನು.

ಅದಾದ ಮೇಲೆ ಬಹುಕಾಲದವರೆಗೆ ಗಾಲಿಕುರ್ಚಿಯು ಭಾರವಾದ ಕಟ್ಟಿಗೆಯ ಪೀಠವಾಗಿಯೇ ಉಳಿದಿತ್ತು. ೧೯೩೩ರ ಸುಮಾರಿಗೆ ಅಮೇರಿಕೆಯಲ್ಲಿ, ಗಣಿಯಲ್ಲಿ ಬೆನ್ನೆಲುಬು ಮುರಿದುಕೊಂಡಿದ್ದ ಹರ್ಬರ್ಟ್ ಎವರೆಸ್ಟನೂ ಅವನ ಗೆಳೆಯನಾದ ಹ್ಯಾರಿ ಜೆನಿಂಗ್ಸನೂ ಕೂಡಿ ಉಕ್ಕಿನ ಕೊಳವೆಗಳಿಂದ ಮಡಿಚಬಹುದಾದ ಕುರ್ಚಿಯನ್ನು ಮಾಡಿದರು. ಮಡಿಚುವದೆಂದರೆ ಸಣ್ಣ ಸಂಗತಿಯೆನಿಸಬಹುದು. ಆದರೆ ಮಡಿಚಿದ್ದರಿಂದಲೇ ಅದು ಮೋಟಾರಿನಲ್ಲಿ, ರೇಲ್ವೆಯಲ್ಲಿ, ವಿಮಾನದಲ್ಲಿ ಒಡೆಯನ ಜೊತೆಗೆ ಹೋಗುವಂತಾಯಿತು. ಮನೆಯೊಳಗಿನ ಪೀಠವು ಲೋಕಸಂಚಾರದ ಪೀಠವಾಯಿತು. ೧೯೪೮ರಲ್ಲಿ ಇಂಗ್ಲಂಡದ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯ ವೈದ್ಯನಾದ ಲುಡ್ವಿಗ್ ಗಟ್‌ಮನ್ನನು ಯುದ್ಧದಲ್ಲಿ ಗಾಯಗೊಂಡ ೧೬ ಜನರಿಂದ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುವಿದ್ಯೆಯ ಸ್ಪರ್ಧೆಯನ್ನು ನಡೆಸಿದನು. ಅದೇ ಬೆಳೆದು ೧೯೬೦ರಲ್ಲಿ ರೋಮಿನ ಆಟಗಳಾಯಿತು. ಅಲ್ಲಿ ಆಟಗಾರರಿಗೆ ಕೊಟ್ಟ ಬಿಡಾರಗಳಿಗೆ ಮೆಟ್ಟಿಲುಗಳಿದ್ದುದರಿಂದ ಇಟಲಿಯ ಸಿಪಾಯಿಗಳು ಅವರನ್ನು ಹೊತ್ತು ಏರಿಸಿ ಇಳಿಸಬೇಕಾಯಿತು. ನಾನಾ ದೇಶಗಳನ್ನು ದಾಟಿ ಬಂದವರು ನಾಲ್ಕು ಮೆಟ್ಟಿಲುಗಳ ಮುಂದೆ ನಿಂತುಬಿಟ್ಟರು.

ನಮ್ಮ ಭಾಗದವರೂ ಇದರಲ್ಲಿ ಹಿಂದುಳಿಯಲಿಲ್ಲ. ನೆರೆಯ ಸಾಂಗಲಿ ಜಿಲ್ಲೆಯ ಪೇಠದ ಮುರಲಿಕಾಂತ ಪೇಟಕರರು ೧೯೬೫ರ ಯುದ್ಧದಲ್ಲಿ ಗುಂಡು ತಗಲಿ ನಡೆಯುವ ಶಕ್ತಿಯನ್ನು ಕಳೆದುಕೊಂಡ ಸೈನಿಕರು. ೧೯೭೨ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಈಜಿ ಭಾರತಕ್ಕೆ ಆ ಆಟಗಳ ಮೊದಲ ಸುವರ್ಣಪದಕವನ್ನು ತಂದರು. ಕನ್ನಡಿಗರಲ್ಲಿ ಈ ಮಾರ್ಗದ ದೊಡ್ಡ ಸಂಚಾರಿಯೆಂದರೆ ಮಾಲತಿ ಹೊಳ್ಳರು. ೧೯೫೮ರಲ್ಲಿ ಕರಾವಳಿಯ ಕೋಟದಲ್ಲಿ ಹುಟ್ಟಿದ ಈಕೆಗೆ ಕೂಸಾಗಿದ್ದಾಗಲೇ ಪೋಲಿಯೋ ಜ್ವರವು ಬಂದಿತು. ಎಡೆಬಿಡದ ಚಿಕಿತ್ಸೆಯಿಂದ ಮೇಲಿನ ಅರ್ಧ ದೇಹಕ್ಕೆ ಮಾತ್ರ ಬಲ ಮರಳಿತು. ಚೆನ್ನೈಯ ಚಿಕಿತ್ಸಾಕೇಂದ್ರದಲ್ಲಿ ಹದಿನೈದು ವರ್ಷ ಕಳೆದು, ಮೂವತ್ತಕ್ಕೆ ಮಿಕ್ಕಿ ಶಸ್ತ್ರಕ್ರಿಯೆಗಳನ್ನು ಸಹಿಸಿ, ಬ್ಯಾಂಕಿನ ಕೆಲಸಕ್ಕೆ ಸೇರಿ, ಗಾಲಿಕುರ್ಚಿಯ ಮೇಲಿಂದಲೇ ಓಟ, ಗುಂಡೆಸೆತ, ಭರ್ಜಿಯೆಸೆತಗಳಲ್ಲಿ ಪಳಗಿದರು. ೧೯೮೮ರಲ್ಲಿ ಕೊರಿಯಾದ ಸೋಲ್, ೧೯೯೨ರಲ್ಲಿ ಸ್ಪೇನದ ಬಾರ್ಸಿಲೋನಾ, ೨೦೦೦ದಲ್ಲಿ ಆಸ್ಟ್ರೇಲಿಯದ ಸಿಡ್ನಿ, ೨೦೦೪ರಲ್ಲಿ ಗ್ರೀಸದ ಅಥೆನ್ಸ್ ಹೀಗೆ ಅವರ ಗಾಲಿಗಳು ಮುಟ್ಟದ ಖಂಡವು ಅಪರೂಪ. ೧೯೯೫ರಲ್ಲಿ ಅರ್ಜುನ ಪ್ರಶಸ್ತಿಯೂ ೨೦೦೧ರಲ್ಲಿ ಪದ್ಮಶ್ರೀಯೂ ದೊರೆತವು. ಹಳ್ಳಿಗಳ ವಿಕಲಚೇತನ ಮಕ್ಕಳಿಗಾಗಿ ಬೆಂಗಳೂರಿನಲ್ಲಿ ಮಾ‌ತೃ ಎಂಬ ಸಂಸ್ಥೆಯನ್ನು ನಡೆಸಿ ಅವರು ೨೦೨೧ರಲ್ಲಿ ತೀರಿಕೊಂಡರು. ಎತ್ತು, ಪಾಲಕಿಗಳಿಲ್ಲದ ಮೂರನೆಯವರು ಇವರೇ.

ಹೀಗೆ ಸಮುದ್ರಗಳೇನೋ ದಾಟಿದವು. ಊರೊಳಗಿನ ದಾರಿಯು ಹಾಗೆಯೇ ಉಳಿದಿದೆ. ೨೦೧೧ರ ಜನಗಣತಿಯ ಪ್ರಕಾರ ದೇಶದಲ್ಲಿ ೨ ಕೋಟಿ ೬೮ ಲಕ್ಷ ವಿಕಲಚೇತನರಿದ್ದು, ಅವರಲ್ಲಿ ಚಲನೆಯ ಊನವುಳ್ಳವರು ಸುಮಾರು ೫೪ ಲಕ್ಷ. ೧೯೯೫ರಲ್ಲಿ ಒಂದು ಕಾಯದೆ, ೨೦೧೬ರಲ್ಲಿ ಅದರ ಸ್ಥಾನದಲ್ಲಿ ಇನ್ನೂ ವಿಸ್ತಾರವಾದ ಇನ್ನೊಂದು ಕಾಯದೆಯಾಗಿ, ಸಾರ್ವಜನಿಕ ಕಟ್ಟಡಗಳೂ ವಾಹನಗಳೂ ಅವರಿಗೆ ಸುಗಮವಾಗಿರತಕ್ಕದ್ದೆಂದು ವಿಧಿಯಾಗಿದೆ. ಆದರೆ ನಮ್ಮ ಕಡೆ ರೇಲ್ವೆಯು ಇಂಡಿ ರೋಡ, ಬಸವನ ಬಾಗೇವಾಡಿ ರೋಡ ಎಂಬ ನಿಲ್ದಾಣಗಳಲ್ಲಿ ನಿಲ್ಲುವದು. ಹೆಸರಿನಲ್ಲಿರುವ ರೋಡವೇ ಊರು ದೂರವಿದೆಯೆಂದು ಹೇಳುತ್ತದೆ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ಅದೂ ಇಲ್ಲ. ಬಸ್ಸಿನ ಮೆಟ್ಟಿಲು ಮೊಳಕಾಲೆತ್ತರ. ಗೋಲಗುಮ್ಮಟದ ಪಿಸುಮಾತಿನ ಮೊಗಸಾಲೆಯು ಏಳಂತಸ್ತಿನ ಮಿನಾರದ ಇಕ್ಕಟ್ಟಾದ ಸೋಪಾನಗಳ ಮೇಲೆ. ಕೂಡಲಸಂಗಮದ ಐಕ್ಯಮಂಟಪವು ನೀರಿನ ನಡುವಿನ ಬಾವಿಯಂಥ ಕಟ್ಟಡದಲ್ಲಿ, ಸೋಪಾನಗಳ ಕೆಳಗೆ. ಹಳೆಯ ಕಟ್ಟಡಗಳ ಮಾತು ಬೇರೆ. ಅವುಗಳನ್ನು ಒಡೆದು ಕಟ್ಟೆಂದು ಯಾರೂ ಹೇಳುವದಿಲ್ಲ. ನಿನ್ನೆ ಕಟ್ಟಿದ ಕಟ್ಟಡಗಳಿಗೆ ಈ ಸಬೂಬು ಒಪ್ಪದು.

ನನ್ನ ಹಳೆಯ ಶಿಷ್ಯನೊಬ್ಬನಿದ್ದಾನೆ. ಎರಡನೆಯ ವರ್ಷಕ್ಕೆ ಪೋಲಿಯೋ ಆಗಿ ಎರಡೂ ಕಾಲುಗಳು ಸೋತವು. ಮೊದಲು ತಾಯಿಯ ಕಂಕುಳಲ್ಲಿ, ಆಮೇಲೆ ಅಣ್ಣನ ಸೈಕಲ್ಲಿನ ಹಿಂದೆ ಕುಳಿತು ಶಾಲೆಗೆ ಬಂದು ಮೆಟ್ರಿಕ್ ಮುಗಿಸಿದನು. ಈಗ ಅರ್ಜಿಗಳನ್ನು ಬರೆದುಕೊಟ್ಟು ಸಂಸಾರ ನಡೆಸುತ್ತಾನೆ. ಕೈಯಿಂದ ತಿರುವುವ ಮೂರು ಗಾಲಿಯ ಸೈಕಲ್ಲಿನಲ್ಲಿ ಒಮ್ಮೆ ಮದುವೆಗೆಂದು ಒಂದೇ ದಿವಸದಲ್ಲಿ ಹನ್ನೊಂದು ಮೈಲು ಹೋಗಿಬಂದದ್ದನ್ನು ಈಗಲೂ ಹೆಮ್ಮೆಯಿಂದ ಹೇಳುತ್ತಾನೆ. ನಮ್ಮ ಸಂಘದ ವ್ಯಾಖ್ಯಾನಗಳಿಗೆ ತಪ್ಪದೆ ಬರುವವನು ಅವನು. ಆದರೆ ಸಭಾಭವನದೊಳಗೆ ಅವನು ಒಮ್ಮೆಯೂ ಬಂದಿಲ್ಲ. ಅಂಗಳದ ಬೇವಿನ ಮರದ ಕೆಳಗೆ ಸೈಕಲ್ಲಿನ ಮೇಲೆಯೇ ಕುಳಿತು ಕಿಟಕಿಯಿಂದ ಬಂದಷ್ಟನ್ನು ಕೇಳುವನು. ಸೈಕಲ್ಲಿನೊಡನೆ ಎತ್ತಿ ಒಳಗೆ ತರುತ್ತೇವೆಂದು ನಾಲ್ವರು ತರುಣರು ಮುಂದಾದರೆ ಒಪ್ಪಲಿಲ್ಲ. ಕಾರಣವನ್ನು ಕೇಳಿದಾಗ ನಕ್ಕು, “ಮಂದಿ ಹೊತ್ತು ತಂದವಗ ತಾನಾಗೇ ಎದ್ದು ಹೋಗಾಕ ಬರೂದಿಲ್ರೀ ಗುರುಗಳ. ಭಾಷಣ ಬ್ಯಾಸರಾತಂದ್ರ ನಾ ಏನ ಮಾಡ್ಲಿ?” ಎಂದನು. ಮೂವತ್ತೈದು ವರ್ಷ ಪಾಠ ಹೇಳಿದ ನನಗೆ ಎಷ್ಟು ಹುಡುಗರು ಬೇಸರದಿಂದ ಎದ್ದು ಹೋಗಬಯಸಿದ್ದರೋ ತಿಳಿಯದು. ಅವನಂತೂ ಆಗ ಎದ್ದು ಹೋಗುವಂತಿರಲಿಲ್ಲ.

ಭವನದ ಬಾಗಿಲಿಗೆ ಮೂರು ಮೆಟ್ಟಿಲುಗಳಿವೆ, ಒಂದೊಂದು ಆರು ಇಂಚು. ಕೂಡಿ ಒಂದೂವರೆ ಅಡಿ. ಗಾಲಿಕುರ್ಚಿಯ ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕೆಂಬದು ಈಗ ಎಲ್ಲ ಕಡೆಗೂ ಒಪ್ಪಿದ ಪ್ರಮಾಣವು. ಆ ಲೆಕ್ಕದಿಂದ ೧೮ ಅಡಿಯಾಯಿತು. ಬಾಗಿಲ ಮುಂದೆ ಗಾಲಿ ತಿರುಗುವದಕ್ಕೆ ಸಮತಟ್ಟಾದ ೪ ಅಡಿ. ಬಾಗಿಲಿನಿಂದ ಬೇವಿನ ಮರದವರೆಗೆ ಹಗ್ಗ ಹಿಡಿದು ಅಳೆದಿದ್ದೇನೆ, ಸರಿಯಾಗಿ ೨೨ ಅಡಿಯಿದೆ, ಮರವನ್ನು ಕಡಿಯಬೇಕಾದದ್ದಿಲ್ಲ. ಕಲ್ಲು, ಸಿಮೆಂಟು, ಕೂಲಿಗಳ ಲೆಕ್ಕವನ್ನು ಬರೆದು ಕಾರ್ಯದರ್ಶಿಗಳ ಕೈಯಲ್ಲಿ ಕೊಟ್ಟಿದ್ದೇನೆ. ಬರುವ ವಾರ್ಷಿಕ ಸಭೆಯ ಮುಂದೆ ಅದು ಬರಲಿದೆ.